ಅತ್ತೆಯ ಅವರೆ, ಮುಳ್ಳುಮೈಯ ಹುಳ

ಅತ್ತೆ ನನ್ನನ್ನು ತಡೆದಿದ್ದಳೋ ಇಲ್ಲವೋ, ಈಗ ಆಣೆಯಿಟ್ಟು ಹೇಳಲಾರೆ. ತಡೆದಿದ್ದಳು ಎಂದೇ ನೆನಪು. ಆದರೆ ನೆನಪು ಆಮೇಲೆ ಕಟ್ಟಿಕೊಂಡದ್ದೂ ಇರಬಹುದು.

ಈ ಚಳಿಗಾಲ ತರೀಕೆರೆ ಬಸ್‌ಸ್ಟ್ಯಾಂಡಿನ ಹೊರಗೆ ಅವರೆಕಾಯಿ ಕೊಂಡೆ. ಕಡೂರಿನ ಮನೆಗೆ ಬಂದು ಮೂಗಿಗೆ ಹಿಡಿದರೆ ಸೊಗಡೇ ಇಲ್ಲ. ಬೆರಳಿಗಂಟುವ ಜಿಡ್ಡೂ ಇಲ್ಲ. ಕಾಯಿಯ ಜೊತೆ ಬಂದ ಒಂದು ಕುಡಿಗೆ ಮಾತ್ರ ರಸ ಹೀರುವ ಕಪ್ಪು ಹೇನು ಮುತ್ತಿತ್ತು. ಅದರ ನಡುವೆ ಒಂದು ಹುಳ: ಮೈಯೆಲ್ಲ ಮುಳ್ಳು, ಬೆನ್ನ ಮೇಲೆ ಹಳದಿ ಚುಕ್ಕೆ. ಕುಡಿಯನ್ನು ತಟ್ಟನೆ ಕೆಳಗಿಟ್ಟು ಹಿಂದೆ ಸರಿದೆ. ಇಷ್ಟು ವಯಸ್ಸಾದವನು ಹುಳಕ್ಕೆ ಹೆದರುವುದೇ ಎಂದು ನೀವು ನಗಬಹುದು.

ಸೊಗಡೆಂದರೇನೆಂದು ತಿಳಿಯಲು ನೀವು ಚೌಳಹಿರಿಯೂರಿನ ನಮ್ಮ ಸೋದರಮಾವನ ಹೆಂಡತಿ, ಈ ಅತ್ತೆಯ ಹಿತ್ತಲಿಗೆ ಬರಬೇಕಿತ್ತು. ಅವಳ ಅವರೆಬೀಜ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ವರ್ಷವರ್ಷವೂ ಬೂದಿ ಬೆರೆಸಿ ಗಡಿಗೆಯಲ್ಲಿಡುವಳು. ಬೆಳೆಗೆ ಹೊಡೆಯುವ ಔಷಧಿಯ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಇಬ್ಬನಿ ಆರುವ ಮೊದಲು ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎಲೆಯ ಮೇಲೆ ಉದುರಿಸುವಳು. ವಾರಕ್ಕೊಮ್ಮೆ ಬೇವಿನಬೀಜ ಜಜ್ಜಿ ನೆನೆಸಿದ ನೀರು ಚಿಮುಕಿಸುವಳು. ಆಗಷ್ಟೇ ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಎಲ್ಲದರ ಮೇಲೂ ಅನುಮಾನ.

"ಇದಕ್ಕೆಲ್ಲ ಪುರಾವೆ ಎಲ್ಲಿ ಅತ್ತೆ?"

"ಮಧ್ಯಾನ ತಟ್ಟೇಲಿ ಹಾಕ್ತೀನಿ ಕಣೋ, ಉಣ್ಣುವಂತೆ."

ಆ ವರ್ಷ ಗಡಿಗೆಯ ಬೀಜವನ್ನೆಲ್ಲ ಬಿತ್ತಿದ್ದಳು. ಕುಡಿಗೆ ಹೇನು ಬಿತ್ತು. ಅದರ ಹಿಂದೆಯೇ ಈ ಮುಳ್ಳಿನ ಹುಳಗಳು ಬಂದವು. ನೆರವಾಗುವ ಉತ್ಸಾಹ ನನಗೆ. ವಿಷ ಹೊಡೆಯಲಿಲ್ಲ, ಅಷ್ಟರಮಟ್ಟಿಗೆ ಅತ್ತೆಯ ಶಿಷ್ಯನೇ. ಹುಳಗಳನ್ನು ಒಂದೊಂದಾಗಿ ಆರಿಸಿ ಸೋಪಿನ ನೀರಿಗೆ ಹಾಕಿದೆ.

"ಲೇ, ಅವನ್ನ ಬಿಡೋ. ಅವು ನಮ್ಮೋವು," ಅಂದಳು ಅತ್ತೆ. ಅಂದಳೆಂದು ನನ್ನ ನೆನಪು.

"ಹುಳದಲ್ಲೂ ನಮ್ಮೋವು ಬೇರೆಯೋವು ಅಂತಿದೆಯಾ?"

"ಓದಿದೋನು ನೀನು. ನಂಗೇನ್ ಗೊತ್ತಪ್ಪಾ."

ಮೂರು ದಿನದಲ್ಲಿ ಬಳ್ಳಿಯ ಮೇಲೆ ಅಂಥ ಒಂದು ಹುಳವೂ ಉಳಿಯಲಿಲ್ಲ. ಹೇನು ಉಳಿಯಿತು, ಬೂದಿಗೂ ಬೇವಿಗೂ ಬಗ್ಗದೆ ಕುಡಿಯಿಂದ ಕಾಂಡಕ್ಕಿಳಿಯಿತು. ಹೂ ಕಪ್ಪಗಾಗಿ ಉದುರಿತು. ಬೀಜಕ್ಕೆಂದು ಒಂದು ಹಿಡಿ ಕಾಯಿಯೂ ಸಿಗಲಿಲ್ಲ. ತವರಿಗೆ ಹೇಳಿಕಳಿಸಿದರೆ, ಅಲ್ಲಿ ಆ ತಳಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಗಡಿಗೆ ತೊಳೆದು ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನೆನಪಾದರೂ ಗಟ್ಟಿಯಾಗಿರುತ್ತಿತ್ತು. ಈಗ ಕೇಳೋಣವೆಂದರೆ ಅವಳೂ ಇಲ್ಲ.

ಹಾಗಾಗಿ ತರೀಕೆರೆಯಿಂದ ಬಂದ ಆ ಕುಡಿಯನ್ನು ಹುಳದ ಸಮೇತ ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದೆ. ಮರುದಿನಕ್ಕೆ ಕುಡಿಯ ಮೇಲೆ ಹೇನಿರಲಿಲ್ಲ. ಆಮೇಲೆ ಹುಳ ಗಾಜಿಗಂಟಿಕೊಂಡು ಕೋಶವಾಗಿ ಕದಲದೆ ಕೂತಿತು. ಅತ್ತೆ ಏನಂದಳೋ, ನಾನು ಏನು ಕೇಳಿಸಿಕೊಂಡೆನೋ, ಅದಕ್ಕೆ ಸಾಕ್ಷಿಯಿಲ್ಲ. ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡದ್ದು ಇದೊಂದೇ: ವಾರ ಕಳೆದು ಒಂದು ಬೆಳಗ್ಗೆ ಆ ಕೋಶ ಒಡೆದು ಬಾಟಲಿಯಲ್ಲಿ ಓಡಾಡುತ್ತಿದ್ದದ್ದು ಹೇನು ತಿಂದೇ ಬದುಕುವ ಗುಲಗಂಜಿ ಹುಳ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯದು.