ಜೇಬು ಹೊಲಿಯುವ ಅತ್ತೆ

ಅವರ ಎರಡೂ ಕೈಗಳ ಬೆರಳ ತುದಿ ಸದಾ ನೀಲಿಯಾಗಿರುತ್ತಿತ್ತು. ಇನ್ನೂ ನೀರು ಕಾಣದ ಜೀನ್ಸ್ ಬಟ್ಟೆಯ ಬಣ್ಣ ಅದು. ಸೋಪು, ನಿಂಬೆಹೋಳು ಎಲ್ಲ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು. ಆ ಬೆರಳುಗಳಿಂದ ಅವರು ರೊಟ್ಟಿ ತಟ್ಟುವುದನ್ನು ಮೊದಲ ಸಲ ನೋಡಿದವರು ಸ್ವಲ್ಪ ಹಿಂಜರಿಯುತ್ತಿದ್ದರು. "ತಿನ್ರಿ, ಹೊಟ್ಟಿಯೇನು ನೀಲಿ ಆಗಂಗಿಲ್ಲ" ಎಂದು ಅವರೇ ನಗುತ್ತಿದ್ದರು.

ಬಳ್ಳಾರಿಯ ಪಾರ್ವತಿನಗರದ ಹಿಂದಿನ ಓಣಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಭಾಗದಲ್ಲಿ ಅವರಿದ್ದರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಹಾಗಾಗಿ ಮೊದಲ ದಿನದಿಂದಲೇ ನನಗೆ ಅತ್ತೆ. ಅವರ ಗಂಡ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಗಂಡನೂ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಹಗಲಿಡೀ ಆ ಕಟ್ಟಡದಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ಕೆಳಗೆ ಅತ್ತೆ ಪ್ಯಾಂಟಿನ ಹಿಂಜೇಬು ಹೊಲಿಯುತ್ತಿದ್ದರು. ಮೇಲೆ ನಾನು, ಶಾಲೆಯ ಕೆಲಸ ಬಿಟ್ಟು, ಮನೆಯಲ್ಲೇ ಕೂತು ತೆಲುಗು ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ, ಮಾಡಬೇಕೆಂದುಕೊಳ್ಳುತ್ತಿದ್ದೆ.

ಅತ್ತೆಯ ದಿನಚರಿ ನೋಡಿ ನನಗೆ ಮೊದಲು ನಗು ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ ಹೊರಡುತ್ತಿದ್ದರು. ಓಣಿಯ ಕೊನೆಯ ಬೇವಿನಮರದವರೆಗೆ ಹೋಗಿ, ಅಲ್ಲಿಂದ ತಿರುಗಿ, ಮತ್ತದೇ ಬೀಗ ತೆಗೆದು ಒಳಗೆ ಹೋಗಿ ಮಷಿನ್ ಮುಂದೆ ಕೂರುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಒಮ್ಮೆ ಕೇಳಿದೆ.

"ಕೆಲಸಕ್ಕ ಬಂದೆ" ಅಂದರು. "ಗಾರ್ಮೆಂಟಿಗೆ ಹೋಗ್ತಿದ್ದಾಗ ಈ ತ್ರಾಸು ಇರಲಿಲ್ಲಮ್ಮಾ. ಮೊಣಕಾಲು ನೋವು ಅಂತ ಮಷಿನ್ ಮನಿಗೆ ತಂದ ಮ್ಯಾಲೆ ಗೊತ್ತಾತು, ಮನಿ ಅಂಬೋದು ಕೆಲಸ ಮಾಡಾಕ ಬಿಡಂಗಿಲ್ಲ. ಪಾತ್ರಿ ಕರೀತಾವು, ಹಾಸಿಗಿ ಕರೀತೈತಿ. ಅದಕ್ಕ ಮನಿಗೆ ಬೀಗ ಹಾಕಿ, ಬ್ಯಾರೆ ಕಡೆ ಬಂದಂಗ ಬರ್ತೀನಿ."

ನನ್ನ ಮನೆಯೂ ನನ್ನನ್ನು ಕರೆಯುತ್ತಿತ್ತು. ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ, ಒಂದು ಚಹಾ ಕುಡಿದು ಶುರು ಮಾಡೋಣ ಅನ್ನಿಸುತ್ತಿತ್ತು. ಚಹಾ ಆದ ಮೇಲೆ ಡಬ್ಬಿಗಳ ಜಿಡ್ಡು ಕಣ್ಣಿಗೆ ಬೀಳುತ್ತಿತ್ತು. ಪರದೆ ಒಗೆಯುತ್ತಿದ್ದೆ, ಫೋನು ನೋಡುತ್ತಿದ್ದೆ. ಮಧ್ಯಾಹ್ನವಾದ ಮೇಲೆ, ಅರ್ಧ ದಿನ ಹೋಯಿತಲ್ಲ, ನಾಳೆ ಬೆಳಿಗ್ಗೆ ಬೇಗ ಕೂತರಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾನು ಸೋಮಾರಿಯೇನಲ್ಲ. ಆ ದಿನಗಳಲ್ಲಿ ನನ್ನದರಷ್ಟು ಸ್ವಚ್ಛವಾದ ಅಡುಗೆಮನೆ ಓಣಿಯಲ್ಲೇ ಇರಲಿಲ್ಲ. ಕೂತರೆ ತಪ್ಪಾಗುತ್ತದೆ ಎಂಬ ಹೆದರಿಕೆ ನನ್ನನ್ನು ಕೂರಗೊಡುತ್ತಿರಲಿಲ್ಲ.

ಆಗ ಒಬ್ಬ ವಕೀಲರು ಒಂದು ಹಳೆಯ ಕ್ರಯಪತ್ರ ಕೊಟ್ಟರು. ದೇಶನೂರಿನ ಒಬ್ಬ ರೈತರ ಅಜ್ಜ, ಆದೋನಿ ಕಡೆಯ ನೆಂಟರಿಂದ ಕೊಂಡ ಗದ್ದೆಯದು. ಎಂಟು ಪುಟ, ಹಳೆಯ ತೆಲುಗು ಕೈಬರಹ. ಆ ಗದ್ದೆಯ ಮೇಲೆ ದಾಯಾದಿಗಳು ದಾವೆ ಹೂಡಿದ್ದರು. ಕನ್ನಡ ಅನುವಾದವನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಹದಿನೈದು ದಿನ ಸಮಯವಿತ್ತು. ಎರಡನೆಯ ಪುಟದಲ್ಲಿ ಒಂದು ಪದಕ್ಕೆ ಅರ್ಥ ಸಿಗದೆ ನಿಂತೆ. ನಾಳೆ ಯಾರನ್ನಾದರೂ ಕೇಳೋಣ ಎಂದು ಮುಚ್ಚಿಟ್ಟವಳು ಹತ್ತು ದಿನ ಅದನ್ನು ತೆರೆಯಲೇ ಇಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ಆ ರೈತರೇ ಕಾಗದ ಒಯ್ಯಲು ಬಂದರು. ಗದ್ದೆಯಲ್ಲಿ ನಾಟಿ ನಡೆದಿತ್ತು, ಆಳುಗಳನ್ನು ಬಿಟ್ಟು ಮೊದಲ ಬಸ್ಸಿಗೇ ಬಂದಿದ್ದರು. ಪಂಚೆಯ ಅಂಚಿನಲ್ಲಿ ಒಣಗಿದ ಕೆಸರಿತ್ತು. ಕೊನೆಯ ಎರಡು ದಿನ ಆ ಪದವನ್ನು ಖಾಲಿ ಬಿಟ್ಟು ಅವಸರದಲ್ಲಿ ಬರೆದರೂ ನನ್ನ ಕೈಯಲ್ಲಿದ್ದದ್ದು ನಾಲ್ಕೇ ಪುಟ. ಅಷ್ಟನ್ನೇ ಅವರ ಮುಂದೆ ಹಿಡಿದೆ.

ಅವರು ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಹೋಗ್ಲಿ ಬಿಡ್ರಿ ಮೇಡಂ. ನಿಮಗೂ ಏನರ ತ್ರಾಸಿದ್ದೀತು. ವಕೀಲರು ಮುಂದಿನ ತಾರೀಖು ಕೇಳ್ತಾರ" ಅಂದು ಮೆಟ್ಟಿಲಿಳಿದರು. ಕೆಳಗೆ ಅತ್ತೆ ಅವರನ್ನು ಕೂರಿಸಿ ಚಹಾ ಕೊಟ್ಟದ್ದು ಕೇಳಿಸಿತು. ವಿಚಾರಣೆ ಎರಡು ತಿಂಗಳು ಮುಂದಕ್ಕೆ ಹೋಯಿತು.

ಅವರು ಹೋದ ಮೇಲೆ ಅತ್ತೆ ಮೇಲೆ ಬಂದರು. ನಾನು ಅಡುಗೆಮನೆಯಲ್ಲಿ ಅಳುತ್ತ ನಿಂತಿದ್ದೆ. ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ನಿನ್ನ ಆ ಪೆಟ್ಟಿಗಿ ತಗೊಂಡು ಕೆಳಗ ಬಾ. ನನ್ನ ಮಷಿನ್ ಸಪ್ಪಳ ಆಗ್ತೈತಿ, ಸಹಿಸಿಕೋ" ಅಂದರು.

ಅವರ ನಡುಮನೆಯಲ್ಲಿ ಮಷಿನ್‌ಗೆ ಎದುರಾಗಿ ಒಂದು ಹಲಗೆ ಹಾಕಿಕೊಟ್ಟರು. ನಾನು ಪತ್ರ ಬಿಚ್ಚಿ, ಸಿಕ್ಕಿಬಿದ್ದಿದ್ದ ಪದವನ್ನು ಗಟ್ಟಿಯಾಗಿ ಓದಿದೆ. "ಕಯ್ಯ."

ಅತ್ತೆ ತಲೆಯೆತ್ತದೆ ಹೇಳಿದರು. "ಕಯ್ಯ ಅಂದ್ರ ನೆಲ್ಲು ಹಚ್ಚೋ ಗದ್ದಿ ಮಡಿ. ನಮ್ಮವ್ವ ತೆಲುಗಿನಾಕಿ, ಹಂಗ ಅಂತಿದ್ಲು."

ಹತ್ತು ದಿನ ನಾನು ಹೆದರಿ ಓಡಾಡಿದ್ದ ಪದ ಅದು. ಒಂದು ಮಹಡಿಯ ಕೆಳಗೆ ಅದರ ಅರ್ಥ ಇತ್ತು.

ಮರುದಿನದಿಂದ ಒಂಬತ್ತಕ್ಕೆ ನಾವಿಬ್ಬರೂ ಬೇವಿನಮರದವರೆಗೆ ನಡೆದು ಬಂದು ಕೂರತೊಡಗಿದೆವು. ಮಾತು ಕಡಿಮೆ. ನಾನು ಇನ್ನೂ ಇಷ್ಟು ಪುಟ ಎಂದು ನಿಟ್ಟುಸಿರಿಟ್ಟರೆ ಅವರು ಮೂಲೆಯಲ್ಲಿದ್ದ ಬಟ್ಟೆಯ ಗಂಟು ತೋರಿಸುತ್ತಿದ್ದರು. "ಅದರಾಗ ಮುನ್ನೂರು ಜೇಬು ಅದಾವು. ಅದನ್ನ ನೋಡಿದ್ರ ನಾನೂ ಮಕ್ಕೋತೀನಿ. ಕೈಯಾಗಿಂದೊಂದು ನೋಡು."

ಇನ್ನೊಂದು ಅಭ್ಯಾಸವನ್ನು ಅವರು ಹೇಳಿಕೊಡಲಿಲ್ಲ, ನಾನೇ ನೋಡಿ ಕಲಿತೆ. ಊಟಕ್ಕೇಳುವಾಗ ಅವರು ಹಿಡಿದ ಜೇಬನ್ನು ಪೂರ್ತಿ ಮಾಡುತ್ತಿರಲಿಲ್ಲ. ಅರ್ಧ ಹೊಲಿಗೆಯಲ್ಲಿ, ಸೂಜಿ ಬಟ್ಟೆಯೊಳಗೇ ಇಳಿದಿರುವಂತೆ ಬಿಟ್ಟೇಳುತ್ತಿದ್ದರು. ಬಂದು ಕೂತ ಕೂಡಲೇ ಕೈ ತಾನಾಗಿ ಮುಂದುವರಿಯುತ್ತಿತ್ತು. ನಾನೂ ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳತೊಡಗಿದೆ. ಈಗಲೂ ಹಾಗೇ.

ಕ್ರಯಪತ್ರ ಆರು ದಿನದಲ್ಲಿ ಮುಗಿಯಿತು. ಮುಂದಿನ ತಾರೀಖಿಗೆ ಕೋರ್ಟು ಅದನ್ನು ತೆಗೆದುಕೊಂಡಿತು. ದೇಶನೂರಿನ ರೈತರು ಸುಗ್ಗಿಯಾದ ಮೇಲೆ ಹೊಸ ಅಕ್ಕಿ ತಂದು, ಅರ್ಧ ಮೇಲೆ, ಅರ್ಧ ಕೆಳಗೆ ಕೊಟ್ಟುಹೋದರು.

ಇಷ್ಟೇ ಆಗಿದ್ದರೆ ಅತ್ತೆ ನನ್ನ ನೆನಪಿನಲ್ಲಿ ಬರೀ ಒಬ್ಬ ಶಿಸ್ತಿನ ಹೆಂಗಸಾಗಿ ಉಳಿಯುತ್ತಿದ್ದರೇನೋ. ಒಂದು ಮಧ್ಯಾಹ್ನ, ದುಡಿಮೆಯಲ್ಲಿ ನಿಮ್ಮಂಥವರಿಲ್ಲ, ಯಾವುದನ್ನೂ ನಾಳೆಗೆ ಬಿಡುವುದಿಲ್ಲ ಎಂದು ಹೊಗಳಿದೆ. ಅವರು ಮಷಿನ್ ನಿಲ್ಲಿಸಿದರು.

"ಹಂಗ ಅನ್ನಬ್ಯಾಡ. ನಮ್ಮವ್ವ ಕುರುಗೋಡಿನಾಗ ಹಾಸಿಗಿ ಹಿಡಿದಾಗ ಅಣ್ಣ ಫೋನ್ ಮಾಡಿದ್ದ, ಬಂದು ನೋಡಿಹೋಗು ಅಂತ. ಮಾಲು ಐತಿ, ನಾಳಿಗೆ ಬರ್ತೀನಿ ಅಂದೆ. ಮರುದಿನಾನೂ ಹಂಗ ಅಂದೆ. ಖರೇ ಹೇಳ್ಬೇಕಂದ್ರ, ಅವ್ವನ್ನ ಆ ಸ್ಥಿತಿಯಾಗ ನೋಡಾಕ ನನಗ ಅಂಜಿಕಿ. ಐದನೇ ದಿನ ಹೋದ್ರ ಜೀವ ಹೋಗಿ ಹೊರಗ ಮಲಗಿಸಿದ್ರು. ಅಣ್ಣ ಬಾಗಿಲದಾಗ ನಿಂತು, ಈಗ್ಯಾಕ ಬಂದಿ, ಮಾಲು ಮುಗೀತೇನು ಅಂದ."

ಅದಾಗಿ ಹನ್ನೊಂದು ವರ್ಷ. ಅಣ್ಣತಂಗಿ ಮಾತಾಡಿರಲಿಲ್ಲ. ಬಳ್ಳಾರಿಯಿಂದ ಕುರುಗೋಡಿಗೆ ಒಂದು ತಾಸಿನ ದಾರಿ.

"ಕೆಲಸ ಮಾಡೋರಿಗೆ ಮುಂದಕ್ಕ ಹಾಕೋದು ಬಾಳ ಸಸಾರ" ಅಂದರು ಅತ್ತೆ. "ಕೆಲಸ ಐತಿ ಅಂದ್ರ ಯಾರೂ ಏನೂ ಕೇಳಂಗಿಲ್ಲ."

ನಾಳೆ ಹೋಗೋಣವೇ ಎಂದು ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಅತ್ತಿ, ಈಗ ಹೋಗೂಣು."

ಅವರು ಬಟ್ಟೆಯ ಗಂಟು ನೋಡಿದರು. ಆಮೇಲೆ ಎದ್ದು ಮುಖ ತೊಳೆದುಕೊಂಡರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಊರು ದಾಟುವ ಮೊದಲೇ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲೋ, ಇಳಿಯೋಣ ಅಂದರು. ನಾನೇ ನೋಡಿ ಬಂದ್ ಮಾಡಿದ್ದೆ. ಸ್ವಲ್ಪ ದೂರ ಹೋದ ಮೇಲೆ, ಬರಿಗೈಯಲ್ಲಿ ಹೆಂಗ ಹೋಗೋದು, ಇನ್ನೊಂದು ದಿನ ಹಣ್ಣುಹಂಪಲ ತಗೊಂಡು ಹೋದರಾತು ಅಂದರು. ಕೋಳೂರಿನಲ್ಲಿ ಬಸ್ಸು ನಿಂತಾಗ ಎದ್ದೇ ನಿಂತರು. ನಾನು ಕಾಲು ಸರಿಸಿ ದಾರಿ ಬಿಟ್ಟೆ. ಕಂಡಕ್ಟರ್, "ಇಳಿತೀರೇನಮ್ಮಾ?" ಎಂದು ಕೇಳಿದ. ಅತ್ತೆ ಕಂಬಿ ಹಿಡಿದು ಹೊರಗೆ ನೋಡಿ, "ಇಲ್ಲಪ್ಪ, ಕುರುಗೋಡಿಗೆ" ಎಂದು ಕೂತರು.

ಗುಡ್ಡದ ಕೆಳಗಿನ ಓಣಿಯಲ್ಲಿ ಅಣ್ಣನ ಮನೆ. ಅವರು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ತಂಗಿಯನ್ನು ನೋಡಿ ಕೈ ನಿಂತಿತು. ಅತ್ತೆ ಬಸ್ಸಿನಲ್ಲಿ ಏನೇನೋ ಮಾತು ಕೂಡಿಸಿಟ್ಟುಕೊಂಡಿದ್ದರು. ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು.

ಅಣ್ಣ ಮೊರ ಸರಿಸಿದರು. "ಯಾಕ ಇಷ್ಟು ಬಡಕಲಾಗೀದಿ? ಊಟ ಮಾಡಿ ಬಂದೀಯೋ ಇಲ್ಲೋ?"

ಸಂಜೆಯವರೆಗೆ ಅಲ್ಲೇ ಇದ್ದೆವು. ಅವ್ವನ ಮಾತು ಬಂದಾಗ ಇಬ್ಬರೂ ಅತ್ತರು. ಅಣ್ಣ, "ನಾನೂ ಆ ಮಾತು ಅನ್ನಬಾರದಿತ್ತು. ಮರುದಿನಾನ ಬಂದು ಹೇಳ್ಬೇಕಂತಿದ್ದೆ" ಅಂದರು.

ಆ ಮೇಲೆ ಪ್ರತಿ ಭಾನುವಾರ ಒಂದೋ ಅತ್ತೆ ಕುರುಗೋಡಿಗೆ ಹೋಗುತ್ತಿದ್ದರು, ಇಲ್ಲವೇ ಅಣ್ಣ ಇಲ್ಲಿಗೆ ಬರುತ್ತಿದ್ದರು. ಹಾಗೆ ಹದಿನಾಲ್ಕು ತಿಂಗಳು ನಡೆಯಿತು. ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತ ಅತ್ತೆ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನೀರು ಕೊಟ್ಟೆ. "ಅವತ್ತು ನೀವು ಕರಕೊಂಡು ಬರದಿದ್ರ," ಅಂದರು, "ಇವತ್ತು ನಾನು ಯಾವ ಮುಖ ಇಟ್ಟುಕೊಂಡು ಬರ್ತಿದ್ದೆ ತಾಯೀ?"

"ನಾನು ಕರಕೊಂಡು ಬರಲಿಲ್ಲರಿ. ಬಾಜೂಕ ಕುಂತಿದ್ದೆ, ಅಷ್ಟ" ಅಂದೆ.

ವಿನಯಕ್ಕೆ ಹೇಳಿದ್ದಲ್ಲ. ಹೆದರಿದವರ ಪಕ್ಕದಲ್ಲಿ ಸುಮ್ಮನೆ ಕೂರುವುದೇ ಒಂದು ದೊಡ್ಡ ಉಪಕಾರ ಎಂದು ನನಗೆ ತಿಳಿದದ್ದು ಅತ್ತೆಯ ನಡುಮನೆಯಲ್ಲಿ. ಅವರು ನೀರು ಕುಡಿದು ಲೋಟ ಕೊಟ್ಟರು. ಕುರುಗೋಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.