ಸೋಲಾರಿಗೆ ಹೊದಿಸಿದ ಕೌದಿ

ಧಾರವಾಡದಿಂದ ಗೋವಾಕ್ಕೆ ಬಂದ ದಿನಕರ ಮೊದಲು ಕುಕ್ಕರ್ ಮಾರಿದ, ಆಮೇಲೆ ನೀರಿನ ಫಿಲ್ಟರ್. ಈಗ ಕೆಲವು ವರ್ಷಗಳಿಂದ ಬಿಸಿಲಲ್ಲಿ ನೀರು ಕಾಯಿಸುವ ಸೋಲಾರ್. ಕರೆಂಟು ಉಳಿದಷ್ಟೂ ಕಲ್ಲಿದ್ದಲು ಉಳಿಯುತ್ತದೆ, ಹೊಗೆ ತಗ್ಗುತ್ತದೆ ಎಂದು ಮನೆಮನೆಗೆ ಹೇಳಿ ಹೇಳಿ ಅವನ ದನಿ ಸವೆದಿತ್ತು. ನಂಬಿಕೆ ಮಾತ್ರ ಹೇಗೋ ಉಳಿದಿತ್ತು.

ಸರ್ಕಾರದ ಸಬ್ಸಿಡಿ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ವಾಸ್ಕೋದಲ್ಲಿ ಕನ್ನಡದವರೇ ಹೆಚ್ಚಿದ್ದ ಒಂದು ಕಟ್ಟಡದವರು ಎಲ್ಲ ಮನೆಗಳಿಗೂ ಸೋಲಾರ್ ಕೂಡಿಸುವ ಬಗ್ಗೆ ಸಂಜೆ ಸಭೆ ಕರೆದಿದ್ದರು. ಅವರು ಒಲ್ಲೆವೆಂದರೆ, ವ್ಯಾಪಾರವಿಲ್ಲದ ಅವನ ಕಂಪನಿ ಗೋವಾದ ಆಫೀಸನ್ನೇ ಮುಚ್ಚುವುದು ಖಚಿತ. ಅದೇ ದಿನ ಬೆಳಿಗ್ಗೆ, ಆ ಕಟ್ಟಡದಲ್ಲಿ ಮೊದಲು ಸೋಲಾರ್ ಹಾಕಿಸಿದ್ದ ಅಂಬಾಬಾಯಿ ಅವನನ್ನು ಕರೆಸಿದರು.

"ದೀಪಾವಳಿಯಿಂದ ತಣ್ಣೀರ ಜಳಕ ಮಾಡಾಕತ್ತೇನಿ. ನಿನ್ನ ಸೂರ್ಯ ರಜಾ ಹಾಕ್ಯಾನೇನು?"

ತಾರಸಿಗೆ ಹೋಗಿ ನೋಡಿದರೆ, ಟ್ಯಾಂಕಿನಿಂದ ಗಾಜಿನ ಕೊಳವೆಗಳ ಬುಡದವರೆಗೆ ಹಳೆ ಬಟ್ಟೆಯ ತುಂಡು ಹೊಲಿದ ಬಣ್ಣಬಣ್ಣದ ಕೌದಿ. ಎತ್ತಿದರೆ ಕೆಳಗೆ ಇನ್ನೊಂದು.

"ಇದ್ಯಾಕ್ರೀ ಅಕ್ಕಾರ?"

"ಬಂದರದ ಕಲ್ಲಿದ್ದಲಿನ ಕರಿ ಧೂಳ ಕೂಡತದ. ಥಂಡಿನೂ ಇತ್ತು. ನೀರು ಬೆಚ್ಚಗಿರಲಿ ಅಂತ ಹೊಚ್ಚಿದೆ. ಆರಾಕತ್ತಿತು, ಮತ್ತೊಂದು ಹೊಚ್ಚಿದೆ."

ನಗಬೇಕಿತ್ತು. ದಿನಕರನಿಗೆ ಅಷ್ಟು ತ್ರಾಣವಿರಲಿಲ್ಲ. ಗಾಜಿಗೇ ಬಿಸಿಲು ಬೀಳಬೇಕೆಂದು ಮೆಲ್ಲಗೆ ತಿಳಿಸಿ, ಕೌದಿಗಳನ್ನು ಮಡಚಿ ಅವರ ಕೈಗಿಟ್ಟ.

ಅಂಬಾಬಾಯಿಯ ಮುಖ ಸಣ್ಣದಾಯಿತು. "ಸಭಾದಾಗ ಹೇಳಬ್ಯಾಡಪಾ. ಮಂದಿ ಆಡಿಕೊಂಡು ನಗ್ತಾರ."

"ಇಲ್ರೀ, ಹೇಳಂಗಿಲ್ಲ."

ಸಂಜೆ ಸೊಸೈಟಿಯ ಕಾರ್ಯದರ್ಶಿ ಆನಂದತೀರ್ಥ ನೇರವಾಗಿ ಕೇಳಿದರು: "ಅಂಬಾಬಾಯಿ ಅವರ ಮನಿ ನೀರ ಕಾಯವಲ್ದಂತ. ನಾವ್ಯಾಕ ತಗೋಬೇಕ್ರೀ?"

ದಿನಕರ ಅಂಬಾಬಾಯಿಯ ಕಡೆ ನೋಡಿದ. ಮಾತು ಕೊಟ್ಟಾಗಿತ್ತು. ಆಫೀಸಿನ ಬಾಗಿಲಿಗೆ ಬೀಗ ಬಿದ್ದದ್ದು ಅವನ ಕಣ್ಣಿಗೆ ಕಟ್ಟಿತು.

ಹಿಂದಿನ ಕುರ್ಚಿಯಿಂದ ಅಂಬಾಬಾಯಿ ಎದ್ದು ನಿಂತರು. "ಅವಗೇನ ಕೇಳ್ತೀರಿ? ಸೂರ್ಯಗ ಕೌದಿ ಹೊಚ್ಚಿ ಮಲಗಿಸಿದಾಕಿ ನಾನು!"

ಎಲ್ಲರೂ ಘೊಳ್ಳೆಂದು ನಕ್ಕರು. "ಜೋಗುಳಾನೂ ಹಾಡಿದ್ರೇನು?" ಎಂದರು ಯಾರೋ.

"ನೀ ಬಂದು ಹಾಡು. ಮುಂಜಾನೆ ಕೌದಿ ತೆಗದಾನ, ಈಗ ನೀರಾಗ ಕೈ ಇಡಾಕ ಆಗವಲ್ದು. ಹೋಗಿ ನೋಡ್ರಿ."

ಇಬ್ಬರು ಹೋಗಿ ನೋಡಿ ಬಂದರು. ಒಪ್ಪಿಗೆಯ ಕೈಗಳು ಮೇಲೆದ್ದವು.

"ಆತ್ರೀ, ಹಾಕಸೋಣ," ಎಂದರು ಆನಂದತೀರ್ಥ. "ನಾಳೆ ಕೆಟ್ಟರ ಯಾರು ಬರ್ತಾರ?"

ಕಂಪನಿ ಅವನಿಗೆ ದುಡ್ಡು ಕೊಡುತ್ತಿದ್ದದ್ದು ಸೋಲಾರ್ ಕೂಡಿಸುವುದಕ್ಕೆ, ಸಬ್ಸಿಡಿಯೂ ಅದಕ್ಕೇ. ಕೆಟ್ಟಾಗ ಬರುವವರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ದಿನಕರ ಇಷ್ಟೂ ಮನೆಯವರ ಮುಖಗಳನ್ನು ಒಮ್ಮೆ ನೋಡಿದ.

"ನಾನ ಬರ್ತೇನ್ರೀ. ರಿಪೇರಿ ಇನ್ನ ನನ್ನ ಕೆಲಸ," ಎಂದ, ಕುರ್ಚಿಯೊಂದನ್ನು ಎಳೆದುಕೊಂಡು ಕೂಡುತ್ತ.