ಆದಾಮನ ಮೊದಲ ಮಾತು

೧೯೯೭ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ದುಡಿಯುವ ಕೈ ಬೇಕಿತ್ತು. ವೆಲ್ಡಿಂಗ್ ಕಲಿತೆ, ಹಲಸೂರಿನಲ್ಲಿ ಒಂದು ಮಹಡಿ ಮನೆಯ ಕೆಳಗೆ ನನ್ನದೇ ಶೆಡ್ ಹಾಕಿದೆ. ಗೇಟು, ಗ್ರಿಲ್ಲು, ಮೆಟ್ಟಿಲಿನ ಕಂಬಿ; ನಾನು ಹಾಕಿದ ಬೆಸುಗೆ ಬಿಟ್ಟಿತೆಂದು ಇಂದಿನವರೆಗೆ ಯಾರೂ ವಾಪಸು ಬಂದಿಲ್ಲ. ಶಾಲೆ ಬಿಟ್ಟ ಮೇಲೆ ನನಗೆ ಪಾಠ ಹೇಳುವ ಧೈರ್ಯ ಮಾಡಿದವರು ಒಬ್ಬರೇ: ಶೆಡ್ಡಿನ ಮೇಲಿನ ಮನೆಯ ಒಡತಿ ಫಿಲೋಮಿನಮ್ಮ.

ಫಿಲೋಮಿನಮ್ಮ ಪಾತ್ರೆಗಳ ಜೊತೆ ಮಾತಾಡುತ್ತಿದ್ದರು. “ಏನಪ್ಪಾ ಕುಕ್ಕರು, ಸಾರು ಆಗಿದೆ, ಹಸಿದೋರು ಯಾರಾದ್ರೂ ಇದ್ರೆ ಬಂದು ಊಟ ಮಾಡ್ಲಿ” ಎನ್ನುವುದು ಕೆಳಗೆ ನನಗೆ ಕೇಳಿಸುತ್ತಿತ್ತು. ತಲೆ ಸ್ವಲ್ಪ ಸರಿಯಿಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಮುಂದಿನ ಕೋಣೆಯಲ್ಲಿ ಕೂತ ಗಂಡ ರಾಯಪ್ಪನವರಿಗೆ ಹೇಳುವ ಮಾತು. ಅವರು ಎದ್ದು ಬಂದು ಉಣ್ಣುತ್ತಿದ್ದರು, ತಟ್ಟೆ ತೊಳೆದಿಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಏನಾದರೂ ಹೇಳಲೇಬೇಕಾದರೆ ಮೆಟ್ಟಿಲಿಳಿದು ನನ್ನ ಬಳಿ ಬರುತ್ತಿದ್ದರು. “ಇನ್ನಾಸಿ, ಗ್ಯಾಸ್ ನಾಳೆ ಬರುತ್ತಂತೆ, ಮೇಲೆ ಹೇಳಪ್ಪ.” ಮೇಲಿನಿಂದಲೇ ಇಳಿದು ಬಂದ ಮನುಷ್ಯ! ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿ ಹೇಳಿ ಬರುತ್ತಿದ್ದೆ.

ಮಾತು ನಿಂತದ್ದು ಮಗಳು ರೀಟಾಳ ಮದುವೆಯ ದಿನ. ರೀಟಾ ಗರುಡಾಚಾರ್‌ಪಾಳ್ಯದ ಹಿಂದೂ ಹುಡುಗನನ್ನು ಮೆಚ್ಚಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಚರ್ಚಿನ ಪೀಠದ ಮುಂದೆ ಆಗದ್ದು ಮದುವೆಯೇ ಅಲ್ಲ, ಈ ಮನೆಯಿಂದ ಯಾರೂ ಹೋಗಕೂಡದು ಎಂದು ರಾಯಪ್ಪನವರು ಹೇಳಿದ್ದರು. ಫಿಲೋಮಿನಮ್ಮ ಹೋಗಿ ಮಗಳಿಗೆ ಹೂ ಮುಡಿಸಿ ಬಂದರು. ಅಷ್ಟೇ. ರಾಯಪ್ಪನವರು ಕುಡಿಯುವವರಲ್ಲ, ಕೈ ಎತ್ತಿದವರಲ್ಲ, ಮನೆಗೆ ಬೇಕಾದ್ದನ್ನೆಲ್ಲ ತಂದು ಹಾಕುವವರು. ಹಾಗಾಗಿ ಯಾರ ಹತ್ತಿರ ಏನೆಂದು ದೂರುವುದು?

ಇದಕ್ಕಿಂತ ದೊಡ್ಡ ವಿಚಿತ್ರವೊಂದಿತ್ತು. ನಮ್ಮ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿ ಚರ್ಚಿನ ತರಗತಿಗೆ ಹೋಗಬೇಕು, ಇಲ್ಲವಾದರೆ ಮದುವೆ ಮಾಡಿಸುವುದಿಲ್ಲ. ಅಲ್ಲಿ ತುಂಬಾ ವರ್ಷ ಬಾಳಿದ ಒಂದು ಜೋಡಿ ಬಂದು ದಾಂಪತ್ಯದ ಬಗ್ಗೆ ಮಾತಾಡುತ್ತದೆ. ಶಿವಾಜಿನಗರದ ಚರ್ಚ್ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಮಾತಾಡುತ್ತಿದ್ದ ಆದರ್ಶ ದಂಪತಿ ಇವರೇ. ಒಂದೇ ಆಟೋದಲ್ಲಿ, ಇಬ್ಬರೂ ಆಚೀಚೆ ರಸ್ತೆ ನೋಡುತ್ತ ಹೋಗುತ್ತಿದ್ದರು.

ನನಗೂ ಕೆ.ಆರ್. ಪುರದ ಸ್ಟೆಲ್ಲಾಗೂ ಮದುವೆ ಗೊತ್ತಾದಾಗ ಫಿಲೋಮಿನಮ್ಮ ಕೆಳಗಿಳಿದು ಬಂದರು. “ತಂಬಿ, ಅಲ್ಲಿ ನಾವು ಮಾತಾಡೋದು ನೋಡಿ ನಗಬೇಡ.” ಇದು ಮೋಸವಲ್ಲವೇ ಎಂದು ನಾನು ನೇರವಾಗಿ ಕೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. “ಅಲ್ಲಿ ನನ್ನ ಹೆಸರು ಹಿಡಿದು ಕರೀತಾರೆ ಕಣೋ. ಅದೊಂದಕ್ಕೆ ಹೋಗ್ತೀನಿ. ಅಲ್ಲಿ ಕರೀತಾ ಕರೀತಾ ಒಂದಿನ ಮನೇಲೂ ಕರೆದುಬಿಡ್ತಾರೇನೋ ಅಂತ.”

ಹಾಲ್‌ನಲ್ಲಿ ರಾಯಪ್ಪನವರು ಬೇರೆಯೇ ಮನುಷ್ಯ. ಸೃಷ್ಟಿಯ ಕಥೆ ಎತ್ತಿಕೊಂಡರು. “ಆದಾಮ ತೋಟ ನೋಡ್ದ, ನದಿ ನೋಡ್ದ. ಪ್ರಾಣಿಗಳಿಗೆಲ್ಲ ಹೆಸರಿಟ್ಟ. ಆದ್ರೆ ಅವನ ಬಾಯಿಂದ ಬಂದ ಒಂದು ಮಾತೂ ನಮಗೆ ಕೇಳಿಸಲ್ಲ. ಅವನು ನಿದ್ದೆಯಲ್ಲಿದ್ದಾಗ ದೇವರು ಅವನದೊಂದು ಎಲುಬು ತೆಗೆದು ಹವ್ವಳನ್ನ ಮಾಡ್ದ. ನಿದ್ದೆಯಿಂದ ಎದ್ದ, ಅವಳು ಎದುರಿಗೆ ನಿಂತಿದ್ಳು. ಆವಾಗ ಬಂತು ನೋಡಿ ಮೊದಲ ಮಾತು, ಇವಳು ನನ್ನದೇ ಎಲುಬು ಅಂತ. ಗಂಡಸಿನ ಬಾಯಿ ತೆರೆಸಿದವಳು ಹೆಂಡತಿ.” ಆಮೇಲೆ ಪಕ್ಕಕ್ಕೆ ತಿರುಗಿ, “ಅಲ್ವಾ ಫಿಲೋಮಿನಾ?” ಎಂದರು.

ಆ ಕ್ಷಣ ಫಿಲೋಮಿನಮ್ಮನ ಮುಖ ನೋಡಬೇಕಿತ್ತು. ನಾನು ನೆಲ ನೋಡಿದೆ.

ಸ್ಟೆಲ್ಲಾಗೆ ಇದೇನೂ ಗೊತ್ತಿರಲಿಲ್ಲ. ಎದ್ದು ನಿಂತು, ಜಗಳ ಆದರೆ ಮನೆಯಲ್ಲಿ ಮೊದಲು ಮಾತಾಡುವವರು ಯಾರು ಎಂದು ಕೇಳಿದಳು. ರಾಯಪ್ಪನವರು ಕೆಮ್ಮಿದರು. ಫಿಲೋಮಿನಮ್ಮ ಅವಳನ್ನೇ ನೋಡುತ್ತಿದ್ದರು.

“ಮನೇಲಿ ನಾವು ಮಾತಾಡಲ್ಲಮ್ಮ. ಇಲ್ಲಿ ಮಾತ್ರ ಮಾತಾಡ್ತೀವಿ.”

ಹಾಲ್ ತುಂಬಾ ನಗು. ರಾಯಪ್ಪನವರೂ ನಕ್ಕರು, ನಗದೆ ಏನು ಮಾಡುವುದು. ಫಾದರ್ ಮಾತ್ರ ನಗಲಿಲ್ಲ. ಮುಂದಿನ ತಿಂಗಳು ಬೇರೆ ಜೋಡಿಗೆ ಕರೆ ಹೋಯಿತು.

ಹೀಗೆ ಅವರ ಹೆಸರು ಕೇಳಿಸುತ್ತಿದ್ದ ತಿಂಗಳಿನ ಆ ಒಂದು ಗಂಟೆಯೂ ಹೋಯಿತು. ಯಾಕೆ ಹೇಳಿಬಿಟ್ಟಿರಿ ಎಂದು ನಾನು ಕೇಳಿದ್ದಕ್ಕೆ ಫಿಲೋಮಿನಮ್ಮ, ನಿನ್ನ ಹುಡುಗಿ ಥೇಟ್ ರೀಟಾ ಕೇಳಿದ ಹಾಗೆ ಕೇಳಿದಳು, ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ ಎಂದರು. ಮಗಳ ಮನೆಗೆ ಹೋಗಿಬಿಡಿ, ನಾನೇ ಸಾಮಾನು ಸಾಗಿಸುತ್ತೇನೆ ಎಂದೆ. ಅವರು ಕಬ್ಬಿಣದ ಚೂರುಗಳನ್ನು ಕಾಲಲ್ಲಿ ಸರಿಸಿದರು. “ಎಲುಬು ತೆಗೆದ ಮೇಲೆ ದೇವರು ಆ ಜಾಗಾನ ಮಾಂಸದಿಂದ ಮುಚ್ಚಿಬಿಟ್ಟ ತಂಬಿ. ಅದು ಒಳಕ್ಕೆ ವಾಪಸ್ ಹೋಗೋ ಹಾಗಿಲ್ಲ. ಬೇರೆಯವರ ಮೈಗೆ ಹೊಂದೋದೂ ಇಲ್ಲ. ನಾನೆಲ್ಲಿಗೆ ಹೋಗ್ಲಿ?” ಈಗಲೂ ಆ ಮಾತು ನನಗೆ ಒಪ್ಪಿಗೆಯಿಲ್ಲ. ತಪ್ಪೆನ್ನಲೂ ಬರುವುದಿಲ್ಲ.

ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲಿನ ಮಾತು. ಒಂದು ಭಾನುವಾರ ನಾನು ಅರ್ಜೆಂಟ್ ಗೇಟೊಂದನ್ನು ಮುಗಿಸುತ್ತಿದ್ದೆ. ಫಿಲೋಮಿನಮ್ಮ ಬಂದು ಸ್ಟೂಲಿನ ಮೇಲೆ ಕೂತು, ಸ್ಟೆಲ್ಲಾ ಹತ್ತಿರ ಇವತ್ತು ಮಾತಾಡಿದ್ಯಾ ಎಂದು ಕೇಳಿದರು. ಕೆಲಸ ತಲೆಮೇಲಿದೆ, ಇದೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ, ನಾವಿರುವ ಮನೆ ಕಟ್ಟಿದ್ದು ಯಾರು ಎಂದು ಸ್ವಲ್ಪ ಜೋರಾಗಿಯೇ ಅಂದೆ.

“ಮನೆ ನೀನು ಮಾಡಿದ್ದು, ಗೇಟು ನೀನು ಮಾಡಿದ್ದು, ಇಲ್ಲ ಅಂದೋರ್ಯಾರು? ಅವಳನ್ನ ನೀನು ಮಾಡಿದ್ದಲ್ಲ. ಆದಾಮ ಆವಾಗ ಗೊರಕೆ ಹೊಡೀತಿದ್ದ.” ಹೇಳಿ ತಾವೇ ನಕ್ಕು, ಕಂಬಿ ಹಿಡಿದು ಮೆಟ್ಟಿಲು ಹತ್ತಿದರು.

ಅದೇ ಕೊನೆ. ಆ ವಾರವೇ ಸ್ನಾನದ ಮನೆಯಲ್ಲಿ ಬಿದ್ದರು, ಮತ್ತೆ ಏಳಲಿಲ್ಲ. ರೀಟಾ ಗಂಡನ ಜೊತೆ ಬಂದು ಶವಪೆಟ್ಟಿಗೆಯ ಪಕ್ಕ ಅತ್ತಳು. ರಾಯಪ್ಪನವರು ಅವಳಿಗೆ ಕುರ್ಚಿ ತಂದು ಹಾಕಿದರು, ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಅವರು ಶೆಡ್ಡಿಗೆ ಇಳಿದು ಬಂದು ಸ್ಟೂಲಿನ ಮೇಲೆ ಕೂತರು. ಮಾತು ಶುರುವಾಯಿತು. ಫಿಲೋಮಿನಾ ಮದುವೆಯಲ್ಲಿ ಉಟ್ಟ ಸೀರೆಯ ಬಣ್ಣ, ಅವಳ ಮೀನು ಸಾರು, ರೀಟಾ ಹುಟ್ಟಿದ ಮಳೆಗಾಲ. ಇದನ್ನೆಲ್ಲ ಅವರಿಗೇ ಹೇಳಬೇಕಿತ್ತಲ್ಲ ಎಂದೆ. “ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ ಇನ್ನಾಸಿ. ಒಂದು ದಿನ ತಪ್ಪಿತು. ಆಮೇಲೆ ಬಾಯಿ ಬಿಗಿಯಾಗ್ತಾನೇ ಹೋಯ್ತು.” ಅಂದಿನಿಂದ ದಿನವೂ ಬರುತ್ತಾರೆ. ಯಂತ್ರದ ಸದ್ದಿನ ಮೇಲೂ ಮಾತಾಡುತ್ತಾರೆ. ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಶೆಡ್ ಬಿಟ್ಟು ಹೋಗಲು ಜಾಗವಿಲ್ಲ.

ಈಗ ನನಗಿರುವುದು ಇಷ್ಟು: ಎರಡು ವೆಲ್ಡಿಂಗ್ ಯಂತ್ರ, ಮೂವರು ಕೆಲಸಗಾರರು, ಕಗ್ಗದಾಸಪುರದಲ್ಲಿ ಸ್ವಂತ ಮನೆ, ಸ್ಟೆಲ್ಲಾ, ಇಬ್ಬರು ಹೆಣ್ಣುಮಕ್ಕಳು, ಶೆಡ್ಡಿನ ಮಹಡಿಯ ಮೇಲೆ ಒಬ್ಬ ಮುದುಕ.